ಏಳು ಸುತ್ತು ಒರೆಸುವ ಕೈ

"ಮಾವ, ಇಲ್ನೋಡಿ. ನಿಂತುಬಿಟ್ಟಿದೆ."

ಚೈತ್ರಾ ಹಾಗೆಂದಾಗ ನಾನು ಚಹಾದ ಲೋಟವನ್ನು ಆಗಷ್ಟೇ ಬಾಯಿಗೆ ಇಟ್ಟಿದ್ದೆ. ಬೆಳಗಿನಿಂದ ಅವಳ ಪರದೆಯ ಮೇಲೆ ಕಂಪ್ಯೂಟರಿನ ಲೆಕ್ಕದ ಒಂದೇ ಅಂಕೆ ಓಡುತ್ತಿತ್ತು. ಬಿ7, ಬಿ7, ಬಿ7. ಸಾಲಿನ ಮೇಲೆ ಸಾಲು ಅದೇ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಈಗ ಆ ಸಾಲು ಒಂದು ಕಡೆ ತಟಕ್ಕನೆ ಕಡಿದು, ಅದರ ಕೆಳಗೆ ಬಗೆಬಗೆಯ ಅಂಕೆ ಅಕ್ಷರಗಳು ಗಿಜಿಗುಟ್ಟುತ್ತಿದ್ದವು. ನನಗೆ ಒಂದೂ ಅರ್ಥವಾಗಲಿಲ್ಲ. ಆದರೆ ಅವಳ ಮುಖ ಅರ್ಥವಾಯಿತು. ಚಹಾ ಅಲ್ಲೇ ಬಿಟ್ಟು ಎದ್ದೆ.

ಹೊಸದಾಗಿ ಓದುವವರಿಗೆ ಒಂದೇ ಮಾತು: ಶನಿವಾರ ಮಧ್ಯಾಹ್ನ ಸೂರತ್‌ನ ಸೀರೆ ಮಾರುಕಟ್ಟೆಯ ಹಿಂಬದಿಯ ಮೆಟ್ಟಿಲಿನಿಂದ ಉರುಳಿ ಪೂರ್ವಿ ಎಂಬ ಹುಡುಗಿ ಪ್ರಜ್ಞೆಯಿಲ್ಲದೆ ಆಸ್ಪತ್ರೆ ಸೇರಿದ್ದಳು, ಕ್ಯಾಮೆರಾಗಳು ಕಂಡದ್ದನ್ನೆಲ್ಲ ತುಂಬಿಟ್ಟುಕೊಳ್ಳುತ್ತಿದ್ದ ಅಂಗಡಿಯ ಕಂಪ್ಯೂಟರಿನ ಡಿಸ್ಕನ್ನು ಅದೇ ದಿನ ಯಾರೋ ಒರೆಸಿಹಾಕಿದ್ದರು, ಈ ಎರಡೂ ಅಲ್ಲಿ ಸೀರೆಯ ಡಿಸೈನ್ ಮಾಡುತ್ತಿದ್ದ ಮಂಥನ್ ಎಂಬ ಗದಗದ ಹುಡುಗನ ತಲೆಗೆ ಬಂದಿದ್ದವು.

ಪೂರ್ವಿ ಅಂಗಡಿಯ ಮಾಲೀಕ ದಾಮೋದರಭಾಯಿಯ ಮಗಳು. ಮಂಥನ್ ಮತ್ತು ಅವಳು ಮದುವೆಯಾಗಬೇಕೆಂದಿದ್ದರು, ಅಪ್ಪ ಒಪ್ಪಿರಲಿಲ್ಲ. ಅವತ್ತು ಇಬ್ಬರೂ ಏರುದನಿಯಲ್ಲಿ ಜಗಳವಾಡಿದ್ದನ್ನು ಅಂಗಡಿಯವರೆಲ್ಲ ಕೇಳಿದ್ದರು. ಅವಳನ್ನು ದಬ್ಬಿಲ್ಲ, ಡಿಸ್ಕ್ ಒರೆಸಿದ ಆ ಸಂಜೆ ತಾಪಿ ನದಿಯ ದಂಡೆಯಲ್ಲಿ ಒಬ್ಬನೇ ಕೂತಿದ್ದೆ ಎಂದು ಹುಡುಗ ಹೇಳಿದ. ಅದನ್ನು ನೋಡಿದವರು ಯಾರೂ ಇರಲಿಲ್ಲ. ದಾಮೋದರಭಾಯಿ ಸೋಮವಾರ ಕೊಟ್ಟ ದೂರಿನ ಮೇಲೆ ಸೂರತ್‌ನ ಇನ್‌ಸ್ಪೆಕ್ಟರ್ ಗೋಹಿಲ್ ಈ ಬುಧವಾರ ಬೆಳಿಗ್ಗೆ ಅವನನ್ನು ಠಾಣೆಗೆ ಕರೆಸಿ ಕೂರಿಸಿಕೊಂಡಿದ್ದರು. ಸಂಜೆಗೆ ಬಂಧನ ಎಂದು ನಮಗೆ ಮೊದಲೇ ಹೇಳಿಯೂ ಇದ್ದರು.

ಈ ಗೋಹಿಲ್ ಒಳ್ಳೆಯ ಮನುಷ್ಯ. ಹಿಂದೆ ಎರಡು ಕೇಸಿನಲ್ಲಿ ಚೈತ್ರಾ ಅವರಿಗೆ ನೆರವಾಗಿದ್ದಳು. ಸರಕಾರಿ ಪ್ರಯೋಗಾಲಯದ ಸರದಿ ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತದೆಂದು ಆ ಡಿಸ್ಕಿನ ಒಂದು ತದ್ರೂಪು ಪ್ರತಿಯನ್ನು ಅವಳಿಗೂ ಕಳಿಸಿದ್ದರು. ಚೈತ್ರಾ ನನ್ನ ಅಕ್ಕನ ಮಗಳು. ಅಹಮದಾಬಾದಿನ ನವರಂಗಪುರದಲ್ಲಿ, ಎರಡನೇ ಮಹಡಿಯಲ್ಲಿ ಒಂದು ಕೋಣೆ ಹಿಡಿದು, ಕೆಟ್ಟ ಡಿಸ್ಕುಗಳ ಒಳಗಿನದನ್ನು ಎತ್ತಿ ಕೊಡುವ ಕೆಲಸ ಮಾಡುತ್ತಾಳೆ. ನಾನು ಕೃಷ್ಣಮೂರ್ತಿ, ವಿಮಾ ಕಂಪನಿಯ ಸರ್ವೇಯರ್ ಆಗಿ ನಿವೃತ್ತನಾದವನು. ಬೆಂಕಿ ಬಿದ್ದ ಅಂಗಡಿ, ಗೋದಾಮುಗಳ ಬೂದಿ ಕೆದಕುವುದೇ ನನ್ನ ವೃತ್ತಿಯಾಗಿತ್ತು. ಈಗ ಈ ಸೋದರಸೊಸೆಯ ಕಾರು ಓಡಿಸುತ್ತೇನೆ, ಜೊತೆಗೆ ಬೇಡದಲ್ಲೆಲ್ಲ ಮೂಗು ತೂರಿಸುತ್ತೇನೆ.

ನಮ್ಮೆದುರಿನ ಕುರ್ಚಿಯಲ್ಲಿ ಸಿದ್ದಲಿಂಗಪ್ಪನವರು ಕೂತಿದ್ದರು. ಮಂಥನ್‌ನ ಸೋದರಮಾವ. ಅಹಮದಾಬಾದಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗದ ದೊಡ್ಡ ಅಧಿಕಾರಿ. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಕೆಡದ ಅಂಗಿ, ತೂಕದ ಮಾತು. ಭಾನುವಾರ ಸೂರತ್‌ಗೆ ಹೋಗಿ ಅಳಿಯನನ್ನು ನೋಡಿ ಬಂದೆನೆಂದು ಹೇಳಿ, ಈ ಕೇಸನ್ನು ನಮ್ಮ ಬಾಗಿಲಿಗೆ ತಂದವರು ಅವರೇ. ಡಿಸ್ಕಿನಿಂದ ಏನೂ ಸಿಗುವುದಿಲ್ಲವೆಂದು ಚೈತ್ರಾ ಒಂದು ಮಾತು ಬರೆದುಕೊಟ್ಟರೆ ಸಾಕು, ಸಾಕ್ಷಿಯಿಲ್ಲದ ಕೇಸು ತಾನಾಗಿ ಬಿದ್ದುಹೋಗುತ್ತದೆ ಎನ್ನುವುದು ಅವರ ಲೆಕ್ಕ. ವಕೀಲರ ಬುದ್ಧಿವಾದ ಇರಬೇಕೆಂದು ನಾನು ಸುಮ್ಮನಿದ್ದೆ.

"ನಿಂತುಬಿಟ್ಟಿದೆ ಅಂದ್ರೆ ಏನಮ್ಮ?" ಎಂದೆ.

ಅವಳು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಒಂದು ಪೆನ್‌ಡ್ರೈವಿನಲ್ಲಿ ಡಿಸ್ಕ್ ಒರೆಸುವ ತಂತ್ರಾಂಶ ತುಂಬಿ, ಕಂಪ್ಯೂಟರನ್ನು ಅದರಿಂದಲೇ ಶುರುಮಾಡಿದರೆ, ಅದು ಡಿಸ್ಕಿನ ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಇದ್ದದ್ದರ ಮೇಲೆಲ್ಲ ಬೇರೆ ಅಂಕೆ ಬರೆಯುತ್ತಾ ಹೋಗುತ್ತದೆ. ನೆಲ ಒರೆಸುವವರು ಬಾಗಿಲಿನಿಂದ ಒಳಗೆ ಒರೆಸುತ್ತಾ ಹೋದಂತೆ. ಮೊದಲಲ್ಲೇ ಕಡತಗಳ ಗುರುತು, ವಿಳಾಸವೆಲ್ಲ ಹೋಗುವುದರಿಂದ ಸಾಧಾರಣ ಕಂಪ್ಯೂಟರಿಗೆ ಹಾಕಿದರೆ ಡಿಸ್ಕ್ ಪೂರ್ತಿ ಖಾಲಿ ಎಂದೇ ತೋರಿಸುತ್ತದೆ. ಠಾಣೆಯಲ್ಲೂ ಅಷ್ಟೇ ನೋಡಿ ಕೈಬಿಟ್ಟಿದ್ದರು. ಆದರೆ ಒರೆಸುವ ಕೆಲಸ ಮೂರರಲ್ಲಿ ಒಂದು ಪಾಲಿಗೇ ನಿಂತಿತ್ತು. ಉಳಿದ ಎರಡು ಪಾಲು ಇದ್ದಂತೆಯೇ ಇತ್ತು.

"ಯಾಕೆ ನಿಂತಿತು?"

"ಕರೆಂಟ್ ಹೋಗಿರಬೇಕು. ಈ ಡಿಸ್ಕಿನ ವೇಗ ನೋಡಿದ್ರೆ ಮುಕ್ಕಾಲು ಗಂಟೆ ಓಡಿದೆ, ಅಷ್ಟೆ."

ನನಗೆ ಮೈಯಲ್ಲಿ ಮಿಂಚು ಹರಿದಂತಾಯಿತು. ಮೂವತ್ತು ವರ್ಷ ಬೂದಿ ಕೆದಕಿದ್ದು ವ್ಯರ್ಥವಾಗಿರಲಿಲ್ಲ. ಸೂರತ್‌ನ ಆ ಮಾರುಕಟ್ಟೆಗಳಲ್ಲಿ ಒಂದು ಕಿಡಿ ಸಿಡಿದರೆ ಮಹಡಿಗೆ ಮಹಡಿಯೇ ಸೀರೆಯ ಸಮೇತ ಹೋಗುತ್ತದೆ. ಅದಕ್ಕೇ ರಾತ್ರಿ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಕಾವಲುಗಾರ ಪ್ರತಿ ಮಹಡಿಯ ಮೇನ್ ಸ್ವಿಚ್ ಇಳಿಸಿಬಿಡುತ್ತಾನೆ. ಅಂಗಡಿಯೊಳಗೆ ಒಂದು ಮೊಬೈಲ್ ಚಾರ್ಜಿಗೆ ಇಡುವ ಹಾಗಿಲ್ಲ. ಇದು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನಿಗೂ ಗೊತ್ತು. ಮಂಥನ್ ಮೂರು ವರ್ಷದಿಂದ ದಿನಾ ಆ ಕತ್ತಲೆಯಲ್ಲಿ ಮೊಬೈಲ್ ಬೆಳಕು ಹಿಡಿದು ಮೆಟ್ಟಿಲಿಳಿದವನು.

"ಚೈತ್ರಾ, ಗಂಟೆಗಟ್ಟಲೆ ಓಡಬೇಕಾದ ಕೆಲಸಾನ ಆ ಹುಡುಗ ಅಲ್ಲಿ ಹಚ್ಚಿಟ್ಟು ಹೋಗ್ತಾನಾ? ಇದು ಹೊರಗಿನವನ ಕೆಲಸ ಕಣೇ."

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ನಮ್ಮಿಬ್ಬರ ಸಂತೋಷ ಹೇಳತೀರದು. ಎರಡು ದಿನದಿಂದ ಗೋಡೆಗೆ ತಲೆ ಚಚ್ಚಿಕೊಂಡು ಕೂತವರಿಗೆ ಕೊನೆಗೂ ಒಂದು ಬಾಗಿಲು ಸಿಕ್ಕಿತ್ತು. ನಾನು ಅವಳ ಬೆನ್ನು ತಟ್ಟಿದೆ, ಅವಳು ನನ್ನ ತಣ್ಣಗಾದ ಚಹಾ ಎತ್ತಿಕೊಂಡು ಗಟಗಟ ಕುಡಿದಳು.

ಸಿದ್ದಲಿಂಗಪ್ಪನವರು ಮಾತ್ರ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಕೂತಿದ್ದರು. ಸಂತೋಷಕ್ಕೆ ಕಣ್ಣು ತುಂಬಿರಬೇಕು ಎಂದುಕೊಂಡೆ.

"ಅಂದ್ರ ಉಳದದ್ದು ಸಿಗತೈತೇನವ್ವಾ?" ಎಂದು ಕೇಳಿದರು.

ವಿಡಿಯೋಗಳ ಹೆಸರು, ತಾರೀಖು ಹೋಗಿದ್ದರೂ ತುಣುಕು ತುಣುಕಾಗಿ ಸಿಗುತ್ತವೆ, ಎತ್ತುವುದಕ್ಕೆ ಹಚ್ಚುತ್ತೇನೆ ಎಂದಳು ಚೈತ್ರಾ. ಅವರು ಕನ್ನಡಕ ಹಾಕಿಕೊಂಡು, ಹುಡುಗ ಮಾಡಿಲ್ಲ ಎಂಬುದು ಇಷ್ಟರಲ್ಲೇ ಸಾಬೀತಾಯಿತಲ್ಲ, ಇನ್ನು ಕೆದಕುವುದೇಕೆ ಎಂದರು. ಚೈತ್ರಾ ಆಗಲೇ ಇನ್‌ಸ್ಪೆಕ್ಟರಿಗೆ ಫೋನ್ ಹಚ್ಚಿದ್ದಳು. ಆ ಮಾತು ಅವಳ ಕಿವಿಗೆ ಬೀಳಲಿಲ್ಲ.

ಗೋಹಿಲ್ ನಮ್ಮ ವಾದವನ್ನು ಪೂರ್ತಿ ಕೇಳಿದರು. ತರ್ಕ ಚೆನ್ನಾಗಿದೆ ಎಂದು ಹೊಗಳಿದರು. ಕಂಪ್ಯೂಟರ್ ಬಲ್ಲ, ಆದರೆ ಮಾರುಕಟ್ಟೆ ಅರಿಯದ ಹೊರಗಿನವನು, ಸರಿ, ಆದರೆ ಆ ಹೊರಗಿನವನಿಗೆ ಒಂದು ಹೆಸರು ಬೇಕಲ್ಲ ಎಂದರು. ಸಂಜೆಯೊಳಗೆ ಹೆಸರು ಕೊಟ್ಟರೆ ಹುಡುಗನನ್ನು ಮನೆಗೆ ಕಳಿಸುತ್ತೇನೆ, ಇಲ್ಲದಿದ್ದರೆ ನನ್ನ ಕೈಯಲ್ಲೇನೂ ಇಲ್ಲ ಎಂದು ಫೋನಿಟ್ಟರು.

ಹೆಸರು ನಮ್ಮ ಬಳಿ ಒಂದಿತ್ತು. ಅಕ್ಷಯ್. ವಡೋದರಾದ ಫತೇಗಂಜ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ದಾಮೋದರಭಾಯಿಯ ಅಂಗಡಿಯ ಕಂಪ್ಯೂಟರ್, ಕ್ಯಾಮೆರಾಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. ಮಧ್ಯಾಹ್ನ ರೈಲಿನಲ್ಲಿ ಬಂದು ಮಾರುಕಟ್ಟೆ ಮುಚ್ಚುವ ಮೊದಲೇ ಹೊರಟುಬಿಡುತ್ತಾನಂತೆ. ಮೇನ್ ಸ್ವಿಚ್ ಇಳಿಯುವುದನ್ನು ನೋಡದೇ ಇರುವ ಕಂಪ್ಯೂಟರ್ ಬಲ್ಲವನು ಇನ್ನಾರು?

ನಾನು ಕಾರಿನ ಕೀಲಿ ತೆಗೆದುಕೊಂಡೆ. ಸಿದ್ದಲಿಂಗಪ್ಪನವರಿಗೆ ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರೆ ಕೇಳಲಿಲ್ಲ. ನಾನೂ ಬರತೀನಿ ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಕಾರನ್ನು ಹಿಂದೆಂದೂ ಓಡಿಸದಷ್ಟು ಜೋರಾಗಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಚೈತ್ರಾ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಡಿಸ್ಕಿನ ಪ್ರತಿ. ತುಣುಕುಗಳು ಒಂದೊಂದಾಗಿ ಮೇಲೆ ಬರತೊಡಗಿದ್ದವು. ಬಾಗಿಲಿನ ಕ್ಯಾಮೆರಾದ್ದು, ಗಿರಾಕಿಗಳು ಕೂರುವ ಗಾದಿಯದ್ದು, ಎಷ್ಟೋ ಹಳೆಯವು. ಒಂದರಲ್ಲಿ ಪೂರ್ವಿ ಸೀರೆಯೊಂದನ್ನು ಬಿಡಿಸಿ ಯಾರಿಗೋ ತೋರಿಸುತ್ತಾ ನಗುತ್ತಿದ್ದಳಂತೆ. ಪಾಪದ ಹುಡುಗಿ ಎಂದು ಚೈತ್ರಾ ಹೇಳಿಕೊಂಡಳು.

ನಡಿಯಾದ್ ದಾಟುವಾಗ ಸಿದ್ದಲಿಂಗಪ್ಪನವರ ಫೋನ್ ಬಡಿಯಿತು. ಮಂಥನ್‌ನ ತಾಯಿ ರತ್ನಮ್ಮ. ಮಗನ ಸುದ್ದಿ ಕೇಳಿ ಗದಗದಿಂದ ಓಡಿಬಂದು ಸೂರತ್‌ನಲ್ಲಿ ಅವನ ಬಾಡಿಗೆ ಕೋಣೆಯಲ್ಲಿ ಕೂತಿದ್ದರು. ಅವರ ದನಿ ಕಾರಿನಲ್ಲಿದ್ದ ಎಲ್ಲರಿಗೂ ಕೇಳಿತು.

"ತಮ್ಮಾ, ಅಂವ ಮುಂಜಾನೆ ಏನೂ ತಿಂದಿಲ್ಲೋ. ನನ್ನ ಮಗನ್ನ ಮನೀಗೆ ಕರಕೊಂಡು ಬಾರೋ."

"ಕರಕೊಂಡು ಬರತೀನಿ ಅಕ್ಕಾ," ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರು. ನನಗೆ ಅವರ ಮೇಲೆ ತುಂಬಾ ಕನಿಕರ ಬಂತು. ಆ ಹುಡುಗನಿಗೆ ಅಪ್ಪನಿಲ್ಲ. ಓದಿಸಿ, ಬೆಳೆಸಿ, ಸೂರತ್‌ನಲ್ಲಿ ಕೆಲಸಕ್ಕೆ ಸೇರಿಸಿದ್ದೆಲ್ಲ ಈ ಮಾವನೇ.

ಫತೇಗಂಜ್‌ನಲ್ಲಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಖಾರದ ಬಟಾಣಿಯ ಸೇವ್ ಉಸಳ್ ತಟ್ಟೆ ಹಿಡಿದು ರಸ್ತೆಯ ಅರ್ಧಕ್ಕೇ ನಿಂತಿದ್ದರು. ಕಾರು ನಿಲ್ಲಿಸುವುದೇ ಒಂದು ಸಾಹಸವಾಯಿತು. ಮೊಣಕಾಲು ನೋವೆಂದು ಸಿದ್ದಲಿಂಗಪ್ಪನವರು ಕಾರಿನಲ್ಲೇ ಉಳಿದರು. ಚೈತ್ರಾ ಲ್ಯಾಪ್‌ಟಾಪನ್ನೂ ಡಿಸ್ಕನ್ನೂ ಎದೆಗವಚಿಕೊಂಡು ಇಳಿದಳು.

ಅಕ್ಷಯ್‌ಗೆ ಮೂವತ್ತರ ಒಳಗಿನ ವಯಸ್ಸು. ಅಪ್ಪ ರೈಲ್ವೆಯಲ್ಲಿದ್ದವರು, ಮೂಲ ಅರಸೀಕೆರೆ. ಇವನು ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ. ನಾವು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವನ ಮುಖ ಅರಳಿತು. ಬಂದ ಕಾರಣ ಹೇಳಿದ ಕೂಡಲೇ ಬಾಡಿತು.

ಚೈತ್ರಾ ನೇರವಾಗಿ ಕೇಳಿದಳು, ಡಿಸ್ಕ್ ಒರೆಸುವ ಪೆನ್‌ಡ್ರೈವ್ ನಿನ್ನ ಹತ್ತಿರ ಇದೆಯೇ ಎಂದು. ಅವನು ಡ್ರಾಯರ್ ಎಳೆದು ಒಂದು ಗೊಂಚಲನ್ನೇ ಮೇಜಿನ ಮೇಲೆ ಹಾಕಿದ. ಹಳೆಯ ಕಂಪ್ಯೂಟರ್ ಮಾರುವವರಿಗೆಲ್ಲ ದಿನಾ ಇದೇ ಕೆಲಸ ಮಾಡಿಕೊಡುತ್ತೇನೆ, ಮುಚ್ಚಿಡುವುದೇನಿದೆ ಎಂದ. ಶನಿವಾರ ಎಲ್ಲಿದ್ದೆ ಎಂದದ್ದಕ್ಕೆ ಇಲ್ಲೇ ಎಂದ. ನೋಡಿದವರು ಯಾರು ಎಂದದ್ದಕ್ಕೆ ರೇಗಿದ. ನಾನೂ ಬಿಡಲಿಲ್ಲ. ಒಬ್ಬ ಹುಡುಗ ಠಾಣೆಯಲ್ಲಿ ಕೂತಿದ್ದಾನೆ, ಸಂಜೆಗೆ ಅವನ ಬದುಕು ಮುಗಿಯುತ್ತದೆ, ನಿನ್ನ ಸಿಟ್ಟು ಆಮೇಲೆ ತೋರಿಸು ಎಂದೆ.

"ಅಂಕಲ್, ಮಂಥನ್ ನನ್ನ ದೋಸ್ತ್," ಎಂದ ಅವನು. "ಮತ್ತೆ ಆ ಮಾರ್ಕೆಟಲ್ಲಿ ನಾನು ರಾತ್ರಿ ಮಶೀನ್ ಯಾವತ್ತೂ ಚಾಲೂ ಬಿಡಲ್ಲ. ಒಂದು ಸಲ ಬಿಟ್ಟಿದ್ದೆ, ಲೈಟ್ ಹೋಗಿ ಎಲ್ಲಾ ಹಾಳಾಯ್ತು. ದಾಮೋದರಭಾಯಿ ಎಷ್ಟು ಬೈದ್ರು ಕೇಳಿ ಅವರಿಗೇ."

ಆಮೇಲಿನಿಂದ ದೊಡ್ಡ ಕೆಲಸವಿದ್ದರೆ ಕಂಪ್ಯೂಟರನ್ನೇ ವಡೋದರಾಕ್ಕೆ ಹೊತ್ತು ತರುತ್ತಾನಂತೆ. ಅಂಗಡಿಯ ಮೂಲೆಯಲ್ಲಿ ದಾಮೋದರಭಾಯಿಯ ಅಂಗಡಿಯ ಚೀಟಿ ಅಂಟಿಸಿದ ಹಳೆಯ ಕಂಪ್ಯೂಟರೊಂದು ಬಿಚ್ಚಿಕೊಂಡು ಬಿದ್ದಿತ್ತು. ನನ್ನ ಉತ್ಸಾಹವೆಲ್ಲ ಜರ್ರನೆ ಇಳಿಯಿತು. ಮಂಥನ್‌ನನ್ನು ಬಿಡಿಸಿದ ತರ್ಕವೇ ಇವನನ್ನೂ ಬಿಡಿಸಿತ್ತು. ನಮ್ಮ ಕೈಯಲ್ಲಿ ಮತ್ತೆ ಏನೂ ಉಳಿಯಲಿಲ್ಲ.

ಚೈತ್ರಾ ಸೋಲೊಪ್ಪುವವಳಲ್ಲ. ಲ್ಯಾಪ್‌ಟಾಪ್ ತೆರೆದು, ಒರೆಸಿದ ಪಾಲಿನ ಆ ಬಿ7 ಸಾಲುಗಳನ್ನು ಅವನಿಗೆ ತೋರಿಸಿದಳು. ಅಕ್ಷಯ್ ಬಗ್ಗಿ ನೋಡಿ ನಕ್ಕುಬಿಟ್ಟ.

"ಬೆನ್, ಇದು ಏಳು ರೌಂಡಿನದು," ಎಂದ, ಗುಜರಾತಿಗಳು ಅಕ್ಕನನ್ನು ಕರೆಯುವಂತೆ ಕರೆದು.

"ಏಳು ರೌಂಡ್ ಅಂದ್ರೆ?" ಎಂದೆ ನಾನು.

ಅವನು ತನ್ನ ಹರಕುಮುರುಕು ಕನ್ನಡದಲ್ಲಿ, ಸಾಲದ್ದಕ್ಕೆ ಹಿಂದಿ ಸೇರಿಸಿ ವಿವರಿಸಿದ. ತನ್ನಂಥ ರಿಪೇರಿಯವರು ಡಿಸ್ಕನ್ನು ಒಂದೇ ಸಲ ಒರೆಸುತ್ತಾರೆ, ಬರೀ ಸೊನ್ನೆ ತುಂಬುತ್ತಾರೆ. ಅಷ್ಟೇ ಸಾಕು. ಏಳು ಸುತ್ತಿನ ಕ್ರಮದಲ್ಲಿ ಮಾತ್ರ ಮೊದಲ ಸುತ್ತಿಗೆ ತಂತ್ರಾಂಶ ತಾನೇ ಯಾವುದೋ ಒಂದು ಅಂಕೆ ಆರಿಸಿ ಅದನ್ನೇ ತುಂಬುತ್ತದೆ. ಇಲ್ಲಿ ಆರಿಸಿದ್ದು ಬಿ7. ಎರಡನೇ ಸುತ್ತು ಶುರುವಾಗುವ ಮೊದಲೇ ಕರೆಂಟ್ ಹೋಗಿದೆ. ಚೈತ್ರಾ ಹಣೆ ಚಚ್ಚಿಕೊಂಡಳು. ಅವಳಿಗೂ ಇದು ಗೊತ್ತಿದ್ದದ್ದೇ. ಕರೆಂಟು ಹೋದ ಸಂಭ್ರಮದಲ್ಲಿ ಅಂಕೆ ಯಾವುದೆಂದು ಯೋಚಿಸಿರಲಿಲ್ಲ.

"ಈಗಿನ ಕಾಲದಲ್ಲಿ ಏಳು ಸುತ್ತು ಯಾರು ಹಾಕ್ತಾರೆ?" ಎಂದು ಅವಳೇ ಕೇಳಿದಳು.

"ಬ್ಯಾಂಕಿನವರು. ಹಳೇ ಮಶೀನ್ ಹರಾಜಿಗೆ ಹೋಗೋಕೆ ಮೊದ್ಲು ಏಳು ರೌಂಡ್ ಹಾಕಲೇಬೇಕು ಅಂತ ಅವರ ಹಳೇ ರೂಲ್. ಅಲ್ಲಿ ಲೈಟ್ ಹೋಗೋದೇ ಇಲ್ಲ ಬೆನ್. ಶನಿವಾರ ಹಾಕಿ ಮನೆಗೆ ಹೋಗ್ತಾರೆ, ಸೋಮವಾರ ಬಂದು ನೋಡ್ತಾರೆ."

ಬ್ಯಾಂಕಿನವರು ಎಂದರೆ ನಮಗೆ ಗೊತ್ತಿದ್ದವರು ಒಬ್ಬರೇ. ಚೈತ್ರಾಳ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಗಲಿನ ಮೇಲಿಂದ ಬಾಗಿಲ ಕಡೆಗೆ ನೋಡುತ್ತಿದ್ದಳು.

ಸಿದ್ದಲಿಂಗಪ್ಪನವರು ಹೊಸ್ತಿಲ ಮೇಲೆ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ ತಿಳಿಯದು.

"ನಾನ ಒರಸಿದ್ದು," ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ನಮ್ಮೆದುರೇ ಕೂತು, ನಮ್ಮ ಚಹಾ ಕುಡಿದು, ನಾವು ತಡಕಾಡುವುದನ್ನು ನೋಡುತ್ತಿದ್ದರಲ್ಲ ಈ ಮನುಷ್ಯ. ನಿಮ್ಮ ಅಳಿಯನ ಕತ್ತಿಗೆ ಹಗ್ಗ ಬಿಗಿಯುತ್ತಿದೆ, ನಿಮಗೆ ನಾಚಿಕೆಯಾಗಲಿಲ್ಲವೇ ಎಂದು ಬಾಯಿಗೆ ಬಂದಂತೆ ಅಂದೆ. ಅಕ್ಷಯ್ ಕೊಟ್ಟ ಸ್ಟೂಲಿನ ಮೇಲೆ ಅವರು ಮೆಲ್ಲಗೆ ಕೂತರು.

ಭಾನುವಾರ ಸೂರತ್‌ಗೆ ಹೋದೆ ಎಂದು ನಮಗೆ ಹೇಳಿದ್ದು ಸುಳ್ಳು. ಶನಿವಾರವೇ ಹೋಗಿದ್ದರು, ದಾಮೋದರಭಾಯಿಯ ಹತ್ತಿರ ಮದುವೆಯ ಮಾತಾಡಲು. ಹೋಗಿ ಮುಟ್ಟುವಷ್ಟರಲ್ಲಿ ಪೂರ್ವಿ ಬಿದ್ದಿದ್ದಳು. ಸಂಜೆ ಅಂಗಡಿಯ ಕಂಪ್ಯೂಟರಿನಲ್ಲಿ ಹಿಂಬದಿಯ ಮೆಟ್ಟಿಲಿನ ದೃಶ್ಯ ನೋಡಿದರಂತೆ. ಕೆಲಸದ ಚೀಲದಲ್ಲಿ ಬ್ಯಾಂಕಿನ ಪೆನ್‌ಡ್ರೈವ್ ಯಾವಾಗಲೂ ಇರುತ್ತದೆ. ಬ್ಯಾಂಕಿನಲ್ಲಿ ಮಾಡುವಂತೆಯೇ ಹಚ್ಚಿ, ಪರದೆ ಆರಿಸಿ, ಹೊರಟುಬಂದರು. ರೂಢಿಯ ಕೈ, ಏಳು ಸುತ್ತಿಗೇ ಹೋಯಿತು.

"ಹಾಗಿದ್ರೆ ನನ್ನ ಹತ್ರ ಯಾಕೆ ಬಂದ್ರಿ ಸರ್?" ಎಂದು ಚೈತ್ರಾ ಕೇಳಿದಳು.

"ಏನೂ ಉಳದಿಲ್ಲ ಅಂತ ಬಲ್ಲವರ ಬಾಯಿಂದ ಕೇಳಬೇಕಾಗಿತ್ತವ್ವಾ. ಅದನ್ನ ಬರಸಿಕೊಂಡ್ರ ಹುಡುಗ ಉಳಕೋತಾನ ಅಂದ್ಕೊಂಡಿದ್ದೆ." ಅವರು ಎರಡೂ ಕೈ ಜೋಡಿಸಿದರು. "ಆ ಮಶೀನ್ ಬಂದ್ ಮಾಡು. ಅದರಾಗ ಏನೈತಿ ನಾ ನೋಡೇನಿ. ಮಂಥನ್ ಆಕೀನ್ನ ದಬ್ಬ್ಯಾನ."

ರತ್ನಮ್ಮನ ದನಿ ನನ್ನ ಕಿವಿಯಲ್ಲಿ ಇನ್ನೂ ಇತ್ತು. ಚೈತ್ರಾ ಆ ಲ್ಯಾಪ್‌ಟಾಪ್ ಮುಚ್ಚಿಬಿಡಲಿ ಎಂದು ಆ ಕ್ಷಣ ನನಗೂ ಅನ್ನಿಸಿತು. ಹುಡುಗ ನಿರಪರಾಧಿಯೆಂದು ಬೆಳಿಗ್ಗೆ ಕುಣಿದವನು ನಾನೇ.

ಚೈತ್ರಾ ಮುಚ್ಚಲಿಲ್ಲ. ಆ ದೃಶ್ಯವನ್ನು ತಾನು ನೋಡದೆ ಯಾರ ಮಾತನ್ನೂ ನಂಬುವುದಿಲ್ಲ ಎಂದಳು. ಎತ್ತಿದ ತುಣುಕುಗಳಲ್ಲಿ ಮೆಟ್ಟಿಲಿನ ಕ್ಯಾಮೆರಾದವನ್ನು ಬೇರೆ ಮಾಡಿದಳು. ದೃಶ್ಯದ ಮೂಲೆಯಲ್ಲೇ ತಾರೀಖು, ಹೊತ್ತು ಅಚ್ಚಾಗಿರುತ್ತದೆ. ಶನಿವಾರದ್ದು ಒಂದೇ ಒಂದು ಸಿಕ್ಕಿತು. ಅದನ್ನು ತೆರೆದಳು.

ಪೂರ್ವಿ ಮೆಟ್ಟಿಲಿನ ಮೇಲುತುದಿಯಲ್ಲಿ, ಇಳಿಜಾರಿಗೆ ಬೆನ್ನು ಮಾಡಿ ನಿಂತಿದ್ದಾಳೆ. ಕೈ ಆಡಿಸುತ್ತಾ ಏನೋ ಹೇಳುತ್ತಿದ್ದಾಳೆ. ಎದುರಿಗೆ ಮಂಥನ್. ಅವನ ಎರಡೂ ಕೈ ಒಮ್ಮೆಗೇ ಅವಳ ಕಡೆ ಚಾಚಿದವು. ಅವಳು ಹಿಂದಕ್ಕೆ ವಾಲಿದಳು. ಅಲ್ಲಿಗೆ ತುಣುಕು ಮುಗಿಯಿತು.

ಸಿದ್ದಲಿಂಗಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿದ್ದರು. ನಾನೂ ನೋಡಿದ್ದು ಇಲ್ಲಿಯವರೆಗೇ, ಅಷ್ಟಕ್ಕೇ ಸಾಕಾಯಿತು ಎಂದು ಗೊಣಗಿದರು.

"ಇನ್ನೊಂದ್ಸಲ," ಎಂದಳು ಚೈತ್ರಾ.

ಈ ಸಲ ಒಂದೊಂದೇ ಚಿತ್ರವಾಗಿ ಸರಿಸಿದಳು. ನಾನು ಮೂಗು ಪರದೆಗೆ ತಾಗುವಷ್ಟು ಬಗ್ಗಿದೆ. ಎರಡನೇ ಸಲವೂ ನನಗೆ ಕಂಡದ್ದು ದಬ್ಬಿದ್ದೇ. ಮೂರನೇ ಸಲ ಅವಳು ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ, ಬೆರಳಿಟ್ಟು ತೋರಿಸಿದಳು. ಮಂಥನ್‌ನ ಕೈ ಏಳುವ ಮೊದಲೇ ಪೂರ್ವಿಯ ಭುಜ ಹಿಂದಕ್ಕೆ ವಾಲಿತ್ತು. ಅವನ ಅಂಗೈ ಬಿಚ್ಚಿರಲಿಲ್ಲ. ಬೆರಳುಗಳು ಅವಳ ಕುರ್ತಾದ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ತೋಳಿನ ಬಟ್ಟೆ ಅವನ ಕಡೆಗೆ ಜಗ್ಗಿ ನಿಂತಿತ್ತು. ಹುಡುಗ ಅವಳನ್ನು ಎಳೆದುಕೊಳ್ಳುತ್ತಿದ್ದ.

ಇನ್ನೊಂದೂ ಇತ್ತು. ಕೆಳಗಿನ ಮೆಟ್ಟಿಲಿನ ಕಡೆಯಿಂದ, ಚಿತ್ರದ ಅಂಚಿನಲ್ಲಿ, ಪೂರ್ವಿಯ ದುಪಟ್ಟಾವನ್ನು ಮುಷ್ಟಿಯಲ್ಲಿ ಹಿಡಿದ ಒಂದು ಕೈ. ಮಣಿಕಟ್ಟಿನವರೆಗೆ ಮಾತ್ರ ಕಾಣುತ್ತಿತ್ತು. ಪೂರ್ವಿಯ ಮೈ ಅಡ್ಡವಿದ್ದುದರಿಂದ ಮಂಥನ್‌ಗೆ ಅದು ಕಂಡಿರಲಾರದು. ಅದು ಮಂಥನ್‌ನ ಕೈಯಲ್ಲ. ಅವನ ಎರಡೂ ಕೈ ನಮ್ಮ ಕಣ್ಣೆದುರಿಗೇ ಇದ್ದವು.

"ಮೂರನೆಯವರಿದ್ದಾರೆ," ಎಂದ ಅಕ್ಷಯ್.

ನಾನು ಮುಂದಿನದನ್ನು ಹಾಕು ಹಾಕು ಎಂದು ಅವಸರಪಡಿಸಿದೆ. ಮುಂದಿನ ತುಣುಕಿನಲ್ಲಿ ಆ ಕೈಗೆ ಒಂದು ಮುಖ ಇದ್ದೇ ಇರಬೇಕು. ಚೈತ್ರಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಮತ್ತೊಮ್ಮೆ ನೋಡಿದಳು. ಎಲ್ಲ ತುಣುಕುಗಳೂ ಮೇಲೆ ಬಂದಾಗಿದ್ದವು. ಅವಳು ಲ್ಯಾಪ್‌ಟಾಪಿನಿಂದ ಕೈ ತೆಗೆದು ಸಿದ್ದಲಿಂಗಪ್ಪನವರ ಕಡೆ ತಿರುಗಿದಳು. ಆ ದನಿಯಲ್ಲಿ ಅವಳು ಯಾರೊಂದಿಗೂ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಸರ್, ಇದರ ಮುಂದಿನದು ನೀವು ಒರೆಸಿದ ಪಾಲಿನಲ್ಲಿತ್ತು. ಅದು ಇನ್ನು ಯಾರಿಗೂ ಸಿಗಲ್ಲ. ಅವನನ್ನ ಉಳಿಸೋದು ಅದೊಂದೇ ಆಗಿತ್ತು."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಚೈತ್ರಾ ಪರದೆಯನ್ನು ಅವರ ಕಡೆ ತಿರುಗಿಸಿ, ಆ ಬೆರಳುಗಳನ್ನು, ಆ ಜಗ್ಗಿದ ತೋಳನ್ನು, ಆ ಮೂರನೆಯ ಕೈಯನ್ನು ತೋರಿಸಿದಳು. ನೋಡಿದರು. ಅಷ್ಟು ದೊಡ್ಡ ಅಧಿಕಾರಿ ಆ ರಿಪೇರಿ ಅಂಗಡಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಕಾಣೆ. ಅವರ ಭುಜ ಹಿಡಿದು ನಿಂತೆ.

ಇನ್ನು ಉಳಿದಿದ್ದು ಪೂರ್ವಿ ಒಬ್ಬಳೇ ಎಂದಳು ಚೈತ್ರಾ. ಅವಳು ಕಣ್ಣು ಬಿಟ್ಟು, ಹಿಂದಿನಿಂದ ಎಳೆದವರು ಯಾರೆಂದು ಹೇಳಿದರೆ ಮಂಥನ್ ಉಳಿಯುತ್ತಾನೆ. ಈ ಅರ್ಧ ತುಣುಕನ್ನು ಯಾವ ವಕೀಲನಾದರೂ ತನಗೆ ಬೇಕಾದಂತೆ ತಿರುಚಬಲ್ಲ.

ಅಷ್ಟರಲ್ಲಿ ನನ್ನ ಫೋನ್ ಬಡಿಯಿತು. ಗೋಹಿಲ್. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

ಇನ್ನು ನೀವು ಓಡಾಡುವುದು ಬೇಡ ಕೃಷ್ಣಮೂರ್ತೀಜಿ, ಹುಡುಗ ಒಪ್ಪಿಕೊಂಡಿದ್ದಾನೆ ಎಂದರು. ದಬ್ಬಿದ್ದೂ ತಾನೇ, ಡಿಸ್ಕ್ ಒರೆಸಿದ್ದೂ ತಾನೇ ಎಂದು ಹೇಳಿಕೆ ಕೊಟ್ಟಿದ್ದಾನಂತೆ. ಬೆಳಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವನು, ಇದು ಮಾರುಕಟ್ಟೆ ಅರಿಯದ, ಕಂಪ್ಯೂಟರ್ ಬಲ್ಲ ಹೊರಗಿನವನ ಕೆಲಸವೆಂದು ನಿಮ್ಮ ಸೊಸೆ ಹೇಳುತ್ತಾಳೆ ಎಂದು ಗೋಹಿಲ್ ಹೇಳಿದ ಕೂಡಲೇ ತಾನಾಗಿ ಒಪ್ಪಿಕೊಂಡನಂತೆ.

ಚೈತ್ರಾ ಕಣ್ಣು ಮುಚ್ಚಿಕೊಂಡಳು. ನಮ್ಮ ಜಾಣತನವೇ ಅವನ ಕತ್ತು ಹಿಡಿದಿತ್ತು. ಆ ಮಾತು ಕೇಳಿದ ಕೂಡಲೇ ಹುಡುಗನಿಗೆ ಶನಿವಾರ ಮದುವೆಯ ಮಾತಿಗೆ ಬಂದಿದ್ದ ತನ್ನ ಮಾವ ನೆನಪಾಗಿದ್ದಾರೆ. ಅವರನ್ನು ಉಳಿಸಲು ಎಲ್ಲವನ್ನೂ ತನ್ನ ತಲೆಗೆ ಎಳೆದುಕೊಂಡಿದ್ದಾನೆ. ಮಾವ ಅಳಿಯನಿಗಾಗಿ ಒರೆಸಿದ, ಅಳಿಯ ಮಾವನಿಗಾಗಿ ಒಪ್ಪಿಕೊಂಡ. ಆ ಮೂರನೆಯ ಕೈಯವರು ಎಲ್ಲೋ ನೆಮ್ಮದಿಯಾಗಿ ಕೂತಿದ್ದರು.

ಸಿದ್ದಲಿಂಗಪ್ಪನವರು ಕರವಸ್ತ್ರದಿಂದ ಮುಖ ಒರೆಸಿಕೊಂಡು ಕೈ ನೀಡಿದರು. ಫೋನ್ ಕೊಟ್ಟೆ. ಬ್ಯಾಂಕಿನಲ್ಲಿ ಮಾತಾಡುವ ಹಿಂದಿಯಲ್ಲಿ ತಮ್ಮ ಹೆಸರು, ಹುದ್ದೆ ಹೇಳಿದರು. ಡಿಸ್ಕ್ ಒರೆಸಿದ್ದು ನಾನು, ಅಳಿಯನ ಹೇಳಿಕೆ ಸುಳ್ಳು, ಈಗಲೇ ಹೊರಟು ಸೂರತ್‌ಗೆ ಬಂದು ನಿಮ್ಮೆದುರು ನಿಲ್ಲುತ್ತೇನೆ ಎಂದರು.

ಗೋಹಿಲ್ ಹೆಸರನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ಹುಡುಗಿ ಬಿದ್ದ ಕೂಡಲೇ ಅಂಗಡಿಗೆ ಬೀಗ ಹಾಕಿ ಎಲ್ಲರೂ ಆಸ್ಪತ್ರೆಗೆ ಓಡಿದ್ದರು. ನೀವು ಒಳಗೆ ಹೋದದ್ದು ಹೇಗೆ?

"ದಾಮೋದರಭಾಯಿ ಬಂದು ಶಟರ್ ಎತ್ತಿದರು," ಎಂದರು ಸಿದ್ದಲಿಂಗಪ್ಪ. "ದೃಶ್ಯ ತೋರಿಸಿದ್ದೂ ಅವರೇ. ಅವಳು ವಾಲುವಲ್ಲಿಗೆ ನಿಲ್ಲಿಸಿ, ಮುಂದಿನದು ನಿಮ್ಮಿಂದ ನೋಡಲಾಗದು, ಮಕ್ಕಳ ಮಾನ ಉಳಿಯಲಿ, ಅಳಿಸಿಬಿಡಿ ಎಂದರು."

ಚೈತ್ರಾ ನನ್ನ ತೋಳು ಹಿಡಿದಳು. ಒಂದೇ ಮಗಳು ಪ್ರಜ್ಞೆಯಿಲ್ಲದೆ ಮಲಗಿರುವಾಗ, ಅಪ್ಪ ಎನಿಸಿಕೊಂಡವನು ಅವಳನ್ನು ಬಿಟ್ಟು ಅಂಗಡಿಯ ಬಾಗಿಲು ತೆಗೆಯಲು ಬಂದಿದ್ದ. ಒರೆಸಲು ಹೇಳಿ, ಸೋಮವಾರ ಮಂಥನ್ ಮೇಲೆ ದೂರು ಬರೆಸಿದವನೂ ಅವನೇ.

"ಗೋಹಿಲ್ ಸಾಹೇಬರೇ, ದಾಮೋದರಭಾಯಿ ಈಗ ಎಲ್ಲಿದ್ದಾರೆ?" ಎಂದು ಅವಳು ಕೇಳಿದಳು.

ಆ ಕಡೆ ಕುರ್ಚಿ ಎಳೆದ ಸದ್ದು, ಯಾರನ್ನೋ ಕೂಗಿ ಜೀಪು ತೆಗೆಯಲು ಹೇಳಿದ ಸದ್ದು ಕೇಳಿತು. ಗೋಹಿಲ್ ಫೋನಿಗೆ ಮರಳಿದಾಗ ಓಡುತ್ತಲೇ ಮಾತಾಡುತ್ತಿದ್ದರು.

"ಆಸ್ಪತ್ರೆಯಲ್ಲಿ. ಹುಡುಗಿ ಈಗಷ್ಟೇ ಕಣ್ಣು ಬಿಟ್ಟಳಂತೆ. ಮಗಳ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಇರಬೇಕು ಎಂದು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಿದ್ದಾರೆ."